ಒಂದು ರಕ್ತಪರೀಕ್ಷೆಯ ಇತಿಹಾಸ

ಕಳೆದ ರಾಜ್ಯೋತ್ಸವದ ಸಮಾರಂಭ ಮುಗಿದು, ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ಸಭಾಗೃಹದ ಹೊರಗೆ ನಿಂತಿದ್ದಾಗ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ನಲವತ್ತು ವರ್ಷಗಳ ಹಿಂದೆ ಧಾರವಾಡದ ಕಡೆಯಿಂದ ನೌಕರಿಗಾಗಿ ಈ ಊರಿಗೆ ಬಂದವರು ಅವರು. ಎರಡು ವರ್ಷಗಳ ಹಿಂದೆ ಅವರ ಯಕೃತ್ತಿನಲ್ಲಿ, ಎಂದರೆ ನಾವೆಲ್ಲ ಲಿವರ್ ಎನ್ನುವ ಅಂಗದಲ್ಲಿ, ಅರ್ಬುದದ ಗಡ್ಡೆ ಕಂಡುಬಂದು ಶಸ್ತ್ರಚಿಕಿತ್ಸೆಯಾಗಿತ್ತು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟು, “ಮಾಸ್ತರ್ರೇ, ನೀವು ಕೆಮಿಸ್ಟ್ರಿ ಕಲಿಸಿದವರು. ಮೂರು ತಿಂಗಳಿಗೊಮ್ಮೆ ಈ ಎ.ಎಫ್.ಪಿ. ಅಂತ ಮಾಡಸ್ತಾರ. ಡಾಕ್ಟ್ರು ಛಲೋ ಅದ ಅಂತಾರ. ಆದರ ಇದು ಏನು, ಎಲ್ಲಿಂದ ಬಂತು, ಇದನ್ನ ಎಷ್ಟು ನಂಬಬೇಕು ಅನ್ನೋದು ನನಗ ತಿಳೀವಲ್ದು” ಎಂದರು. ಪಕ್ಕದಲ್ಲಿದ್ದ ಅವರ ಮನೆಯವರು, “ರಿಪೋರ್ಟ್ ಬರೋ ದಿನ ನಮ್ಮ ಮನ್ಯಾಗ ಯಾರಿಗೂ ಊಟ ಸೇರೂದಿಲ್ರೀ” ಎಂದರು.

ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಮನೆಗೆ ಬಂದು ಪುಸ್ತಕ ಪತ್ರಿಕೆಗಳನ್ನು ತಿರುವಿ ಹಾಕಿದೆ. ಆ ಮೂರು ಅಕ್ಷರಗಳ ಹಿಂದೆ ಸ್ಟಾಕ್‌ಹೋಮಿನಿಂದ ಶಾಂಘೈಯವರೆಗೆ ಹರಡಿದ, ಎಪ್ಪತ್ತು ವರ್ಷಗಳ ಒಂದು ದೊಡ್ಡ ಕಥೆಯೇ ಇದೆ ಎಂದು ತಿಳಿಯಿತು. ನಾನು ವೈದ್ಯನಲ್ಲ. ಆದರೂ ಓದಿ ತಿಳಿದುಕೊಂಡಷ್ಟನ್ನು ನಮ್ಮ ಬಳಗದ ಮುಂದೆ ಇಡುವುದು ಲೇಸೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೊಯ್ದರೂ ಮರಳುವ ರೋಗ

ಮೊದಲು ಯಕೃತ್ತಿನ ಸ್ವಭಾವವನ್ನು ತಿಳಿಯಬೇಕು. ನಮ್ಮ ದೇಹದ ಒಳ ಅಂಗಗಳಲ್ಲೆಲ್ಲ ಅತಿ ದೊಡ್ಡದು ಇದೇ. ರಕ್ತದಿಂದ ತುಂಬಿದ ಈ ಅಂಗಕ್ಕೆ ಕತ್ತಿ ತಾಗಿಸಲು ಶಸ್ತ್ರವೈದ್ಯರು ಬಹುಕಾಲ ಹೆದರುತ್ತಿದ್ದರು. ಪ್ಯಾರಿಸ್ಸಿನ ಲೋರ್ತಾ-ಜಾಕೋಬ್ ಎಂಬ ಶಸ್ತ್ರವೈದ್ಯರು ಯಕೃತ್ತಿನ ಬಲಭಾಗವನ್ನು ಕ್ರಮಬದ್ಧವಾಗಿ ತೆಗೆದ ವರದಿಯನ್ನು ಪ್ರಕಟಿಸಿದ್ದು 1952ರಲ್ಲಿ. ಅದೇ ದೇಶದ ಕ್ವಿನೋ ಎಂಬವರು 1957ರಲ್ಲಿ, ಯಕೃತ್ತು ಒಳಗೆ ಎಂಟು ಹೋಳುಗಳಾಗಿ ಹಂಚಿಹೋಗಿದೆ, ಒಂದೊಂದಕ್ಕೂ ತನ್ನದೇ ರಕ್ತನಾಳ ಉಂಟು ಎಂದು ವಿವರಿಸಿದರು. ಅಲ್ಲಿಂದ ಮುಂದೆ ಕೊಯ್ಯುವ ಕೈಗೆ ಒಂದು ನಕ್ಷೆ ಸಿಕ್ಕಂತಾಯಿತು. ಉಳಿದ ಭಾಗ ಆರೋಗ್ಯವಾಗಿದ್ದರೆ ಯಕೃತ್ತು ಮತ್ತೆ ಬೆಳೆದುಕೊಳ್ಳುತ್ತದೆ ಎಂಬುದು ಇನ್ನೊಂದು ಅನುಕೂಲ.

ಆದರೆ ಇಲ್ಲಿಯೇ ತೊಡಕೂ ಇದೆ. ಗಡ್ಡೆಯನ್ನು ಸಂಪೂರ್ಣವಾಗಿ ತೆಗೆದುಹಾಕಿದ ಮೇಲೆಯೂ ಐದು ವರ್ಷಗಳೊಳಗೆ ನೂರಕ್ಕೆ ಸುಮಾರು 70 ಜನರವರೆಗೆ ಈ ರೋಗ ಮರುಕಳಿಸುತ್ತದೆ. ಹೀಗಾಗಲು ಎರಡು ದಾರಿಗಳಿವೆ. ಒಂದು, ಶಸ್ತ್ರಚಿಕಿತ್ಸೆಗೆ ಮೊದಲೇ ಕೆಲವು ಅರ್ಬುದಕೋಶಗಳು ಸಣ್ಣ ರಕ್ತನಾಳಗಳೊಳಗೆ ನುಸುಳಿ ಬೇರೆಡೆ ಸೇರಿಕೊಂಡಿರುವುದು. ಇದು ಸಾಮಾನ್ಯವಾಗಿ ಮೊದಲ ಎರಡು ವರ್ಷಗಳಲ್ಲಿ ತಲೆ ಎತ್ತುತ್ತದೆ. ಇನ್ನೊಂದು, ಉಳಿದ ಯಕೃತ್ತೇ ರೋಗಗ್ರಸ್ತವಾಗಿರುವುದು. ಹೆಪಟೈಟಿಸ್ ವೈರಾಣುವಿನಿಂದಲೋ, ಮದ್ಯದಿಂದಲೋ, ಕೊಬ್ಬು ಸೇರಿಕೊಂಡೋ ಗಾಯಗೊಂಡು, ಗಾಯ ಮಾಗಿ ಗಟ್ಟಿಯಾದ ಯಕೃತ್ತಿಗೆ ಸಿರೋಸಿಸ್ ಎನ್ನುತ್ತಾರೆ. ಅಂಥ ನೆಲದಲ್ಲಿ ಕಳೆಯನ್ನು ಒಮ್ಮೆ ಕಿತ್ತರೂ ಹೊಸ ಬೀಜ ಮೊಳೆಯಬಲ್ಲದು. ಇದು ಎರಡು ವರ್ಷ ಕಳೆದ ಮೇಲೆಯೂ ಬರಬಹುದು.

ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನವೇ ಕಥೆ ಮುಗಿಯುವುದಿಲ್ಲ. ಯಾರಿಗೆ ಮರುಕಳಿಸೀತು, ಎಂದು ಮರುಕಳಿಸೀತು ಎಂಬುದನ್ನು ಹೊಟ್ಟೆ ತೆರೆಯದೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಒಂದು ತೊಟ್ಟು ರಕ್ತದಲ್ಲಿ ಉತ್ತರ ಹುಡುಕಿದವರ ಕಥೆಯೇ ಇದು.

ಲಂಡನ್ನಿನ ಮೂತ್ರ, ಸ್ಟಾಕ್‌ಹೋಮಿನ ರಕ್ತ

ಅರ್ಬುದವು ದೇಹದ ದ್ರವಗಳಲ್ಲಿ ತನ್ನ ಗುರುತು ಬಿಡುತ್ತದೆ ಎಂಬ ತಿಳಿವು ಹೊಸದಲ್ಲ. 1840ರ ದಶಕದಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಎಲುಬುಗಳು ಮೆತ್ತಗಾಗಿ ನರಳುತ್ತಿದ್ದ ಕಿರಾಣಿ ವ್ಯಾಪಾರಿಯೊಬ್ಬನ ಮೂತ್ರದಲ್ಲಿ ವಿಚಿತ್ರವಾದ ಪ್ರೋಟೀನೊಂದನ್ನು ಕಂಡರು. ಅದು ಎಲುಬಿನ ಮಜ್ಜೆಯ ಅರ್ಬುದದ ಗುರುತೆಂದು ಮುಂದೆ ತಿಳಿಯಿತು. ಅರ್ಬುದ ಸೂಚಕಗಳ ವಂಶಾವಳಿಯಲ್ಲಿ ಮೊದಲ ಹೆಸರು ಇದರದೇ. ಆದರೆ ಅದಾದ ಮೇಲೆ ನೂರು ವರ್ಷ ಈ ದಾರಿಯಲ್ಲಿ ಹೇಳಿಕೊಳ್ಳುವಂಥ ಸಂಚಾರವಿರಲಿಲ್ಲ.

1956ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರಾಂಡ್ ಮತ್ತು ಜಾರ್ ಎಂಬಿಬ್ಬರು ಮಾನವ ಭ್ರೂಣದ ರಕ್ತವನ್ನು ಪರೀಕ್ಷಿಸುತ್ತಿದ್ದರು. ಒದ್ದೆ ಕಾಗದದ ಮೇಲೆ ರಕ್ತಸಾರದ ಹನಿ ಇಟ್ಟು ವಿದ್ಯುತ್ ಹಾಯಿಸಿದರೆ ಅದರ ಪ್ರೋಟೀನುಗಳು ಬೇರೆ ಬೇರೆ ವೇಗದಲ್ಲಿ ಓಡಿ ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ. ಭ್ರೂಣದ ರಕ್ತದಲ್ಲಿ ದೊಡ್ಡವರ ರಕ್ತದಲ್ಲಿ ಕಾಣದ ಒಂದು ಪಟ್ಟೆ ಕಂಡಿತು. ಅದನ್ನು ಅವರು ಬರೆದಿಟ್ಟರು. ಗರ್ಭದಲ್ಲಿರುವ ಕೂಸಿನ ಯಕೃತ್ತು ಮತ್ತು ಭ್ರೂಣದ ಹಳದಿ ಚೀಲ ಈ ಪ್ರೋಟೀನನ್ನು ತಯಾರಿಸುತ್ತವೆ. ಗರ್ಭದ ಮೂರನೆಯ ತಿಂಗಳ ಹೊತ್ತಿಗೆ ಅದು ಕೂಸಿನ ರಕ್ತದಲ್ಲಿ ಅತಿ ಹೆಚ್ಚಾಗಿದ್ದು, ಆಮೇಲೆ ಇಳಿಯುತ್ತ ಬರುತ್ತದೆ. ಮಗು ಹುಟ್ಟಿ ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಮಾಯವಾಗುತ್ತದೆ. ತೊಟ್ಟಿಲು ಬಿಟ್ಟ ಮೇಲೆ ತೊಟ್ಟಿಲನ್ನು ಅಟ್ಟಕ್ಕೇರಿಸುವ ಹಾಗೆ ದೇಹವೂ ಈ ಪ್ರೋಟೀನಿನ ತಯಾರಿಕೆಯನ್ನು ಕಟ್ಟಿ ಮೇಲಿಡುತ್ತದೆ. ಇದರ ಪೂರ್ಣ ಹೆಸರು ಆಲ್ಫಾ-ಫೀಟೋಪ್ರೋಟೀನ್. ಅದರ ಚಿಕ್ಕ ಹೆಸರೇ ಎ.ಎಫ್.ಪಿ. ಅಂದು ಇದಕ್ಕೂ ಅರ್ಬುದಕ್ಕೂ ಸಂಬಂಧವಿದೆಯೆಂದು ಯಾರೂ ಊಹಿಸಿರಲಿಲ್ಲ.

ಮಾಸ್ಕೋದ ಇಲಿಗಳು

ಸಂಬಂಧ ಬೆಳಕಿಗೆ ಬಂದದ್ದು ಮಾಸ್ಕೋದಲ್ಲಿ. ಅಲ್ಲಿಯ ಗಮಾಲೇಯ ಸಂಸ್ಥೆಯಲ್ಲಿ ಲೆವ್ ಜಿಲ್ಬರ್ ಎಂಬ ಹಿರಿಯ ವಿಜ್ಞಾನಿಯ ಪ್ರಯೋಗಶಾಲೆಯಿತ್ತು. ಈ ಜಿಲ್ಬರ್ ಸ್ಟಾಲಿನ್ನನ ಕಾಲದಲ್ಲಿ ಮೂರು ಬಾರಿ ಬಂಧನಕ್ಕೊಳಗಾಗಿ, ಸೆರೆಯಲ್ಲಿಯೂ ಅರ್ಬುದದ ಕುರಿತು ಚಿಂತಿಸುತ್ತಿದ್ದ ಮನುಷ್ಯ. ಅರ್ಬುದಕೋಶಗಳಲ್ಲಿ ಆರೋಗ್ಯವಂತ ಕೋಶಗಳಲ್ಲಿಲ್ಲದ ವಸ್ತುವೊಂದು ಇದ್ದೇ ಇರಬೇಕು, ಅದನ್ನು ರೋಗಪ್ರತಿರೋಧದ ವಿಧಾನಗಳಿಂದ ಪತ್ತೆಹಚ್ಚಬೇಕು ಎಂಬುದು ಅವರ ಹಟ. ಅವರ ಶಿಷ್ಯ ಗಾರಿ ಅಬೆಲೇವ್ ಯಕೃತ್ತಿನ ಅರ್ಬುದವಿದ್ದ ಇಲಿಗಳನ್ನು ಇಟ್ಟುಕೊಂಡು ಕೆಲಸಕ್ಕೆ ತೊಡಗಿದರು.

ವಿಧಾನ ಸರಳವಾಗಿತ್ತು. ತಾಳ್ಮೆ ಮಾತ್ರ ಬಹಳ ಬೇಕಾಗಿತ್ತು. ಗಾಜಿನ ಮೇಲೆ ಅಗರ್ ಎಂಬ, ನಮ್ಮ ಚೈನಾಗ್ರಾಸ್ ಜಾತಿಯ ಲೋಳೆಯನ್ನು ತೆಳ್ಳಗೆ ಹುಯ್ದು, ಅದರಲ್ಲಿ ಸಣ್ಣ ಗುಳಿಗಳನ್ನು ತೋಡುವುದು. ಒಂದು ಗುಳಿಯಲ್ಲಿ ಪ್ರೋಟೀನಿರುವ ರಕ್ತಸಾರ, ಎದುರಿನ ಗುಳಿಯಲ್ಲಿ ಅದನ್ನು ಗುರುತಿಸುವ ಪ್ರತಿಕಾಯ. ಎರಡೂ ಲೋಳೆಯಲ್ಲಿ ಇಂಗುತ್ತ ಬಂದು ಸಂಧಿಸಿದಲ್ಲಿ ಒಂದು ಬಿಳಿಯ ಗೆರೆ ಮೂಡುತ್ತದೆ. ಗೆರೆ ಮೂಡಿದರೆ ವಸ್ತು ಇದೆ ಎಂದರ್ಥ. ಅರ್ಬುದವಿರುವ ಇಲಿಗಳ ರಕ್ತದಲ್ಲಿ ಒಂದು ಗೆರೆ ಮೂಡಿತು. ಆರೋಗ್ಯವಂತ ದೊಡ್ಡ ಇಲಿಗಳಲ್ಲಿ ಅದು ಇರಲಿಲ್ಲ. ಅರ್ಬುದಕ್ಕೇ ಮೀಸಲಾದ ವಸ್ತು ಸಿಕ್ಕಿತೆನ್ನುವ ಹೊತ್ತಿಗೆ ಒಂದು ಸೋಜಿಗ ಕಂಡಿತು. ಆಗತಾನೆ ಹುಟ್ಟಿದ ಮರಿಗಳಲ್ಲಿಯೂ, ಇನ್ನೂ ಹುಟ್ಟದ ಭ್ರೂಣಗಳಲ್ಲಿಯೂ ಅದೇ ಗೆರೆ! ಅರ್ಬುದವು ಹೊಸದೇನನ್ನೂ ಸೃಷ್ಟಿಸಿರಲಿಲ್ಲ. ದೇಹ ಅಟ್ಟಕ್ಕೇರಿಸಿದ್ದ ಹಳೆಯ ತೊಟ್ಟಿಲನ್ನೇ ಮತ್ತೆ ಕೆಳಗಿಳಿಸಿತ್ತು. ಅಬೆಲೇವ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1963ರಲ್ಲಿ.

ಇಲಿಗೆ ನಿಜವಾದದ್ದು ಮನುಷ್ಯನಿಗೂ ನಿಜವೇ? ಉತ್ತರ ಬಂದದ್ದು ವೋಲ್ಗಾ ನದಿಯ ಮುಖದ ಆಸ್ಟ್ರಾಖಾನ್ ಪಟ್ಟಣದಿಂದ. ಹದಿನೈದನೆಯ ಶತಮಾನದಲ್ಲಿ ನಮ್ಮ ಬೀದರಿನವರೆಗೆ ಬಂದುಹೋದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ದಾರಿಯಲ್ಲಿ ತಾರ್ತಾರರ ಕೈಯಲ್ಲಿ ಸುಲಿಗೆಗೊಳಗಾದದ್ದು ಇದೇ ಊರಿನ ಬಳಿ. ಅಲ್ಲಿ ಕೆಲಸ ಮಾಡುತ್ತಿದ್ದ ಜೀವರಸಾಯನ ವಿಜ್ಞಾನಿ ಯೂರಿ ತತಾರಿನೋವ್, ಯಕೃತ್ತಿನ ಅರ್ಬುದವಿದ್ದ ರೋಗಿಗಳ ರಕ್ತದಲ್ಲಿ ಭ್ರೂಣದ ಪ್ರೋಟೀನು ಇರುವುದನ್ನು ಕಂಡು 1964ರಲ್ಲಿ ಪ್ರಕಟಿಸಿದರು. ಮರುವರ್ಷ, 1965ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಗೋಲ್ಡ್ ಮತ್ತು ಫ್ರೀಡ್‌ಮನ್ ಕರುಳಿನ ಅರ್ಬುದದಲ್ಲಿ ಅಂಥದೇ ಇನ್ನೊಂದು ಭ್ರೂಣವಸ್ತುವನ್ನು ಕಂಡರು. ಅರ್ಬುದಕೋಶಕ್ಕೆ ಬಾಲ್ಯದ ನೆನಪು ಮರಳುತ್ತದೆ ಎಂಬ ಮಾತಿಗೆ ಎರಡು ಸಾಕ್ಷಿಗಳಾದವು.

ಗೆರೆಯಿಂದ ಅಂಕೆಗೆ

ಯಕೃತ್ತಿನ ಅರ್ಬುದ ಹೆಚ್ಚಾಗಿರುವುದು ಆಫ್ರಿಕ ಮತ್ತು ಪೂರ್ವ ಏಷ್ಯದಲ್ಲಿ. ಆದ್ದರಿಂದ ಈ ಪರೀಕ್ಷೆಯನ್ನು ಅಲ್ಲಿಯ ರೋಗಿಗಳ ರಕ್ತದಲ್ಲಿಯೇ ಒರೆಗೆ ಹಚ್ಚಬೇಕಾಗಿತ್ತು. ಶೀತಲ ಸಮರದ ಆ ದಿನಗಳಲ್ಲಿಯೂ ರಷ್ಯದವರು, ಫ್ರಾನ್ಸಿನವರು, ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯವರು ಒಂದಾಗಿ ಈ ಕೆಲಸ ಮಾಡಿದರು. ಅವರ ಜಂಟಿ ವರದಿ 1970ರಲ್ಲಿ ಪ್ರಕಟವಾಯಿತು. ಪರೀಕ್ಷೆ ನಿಂತಿತು.

ಆದರೆ ಲೋಳೆಯ ಮೇಲಿನ ಗೆರೆ ಮೂಡಬೇಕಾದರೆ ಒಂದು ಮಿಲಿಲೀಟರ್ ರಕ್ತಸಾರದಲ್ಲಿ ಸಾವಿರಾರು ನ್ಯಾನೋಗ್ರಾಂ ಎ.ಎಫ್.ಪಿ. ಇರಬೇಕಾಗಿತ್ತು. ಅಷ್ಟು ಏರುವ ಹೊತ್ತಿಗೆ ಗಡ್ಡೆ ಕೈಮೀರಿರುತ್ತಿತ್ತು. ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್ ಅವರು ಇನ್ಸುಲಿನ್ನನ್ನು ಅಳೆಯಲು ಕಂಡುಹಿಡಿದಿದ್ದ ವಿಕಿರಣ ವಿಧಾನ ಇಲ್ಲಿ ನೆರವಿಗೆ ಬಂತು. ಈ ವಿಧಾನಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆರ್ಸನ್ 1972ರಲ್ಲಿಯೇ ತೀರಿಕೊಂಡಿದ್ದರು. 1971ರಲ್ಲಿ ಹೆಲ್ಸಿಂಕಿಯ ರುವೋಸ್ಲಾಹ್ತಿ ಮತ್ತು ಸೆಪ್ಪಾಲಾ ಈ ವಿಧಾನವನ್ನು ಎ.ಎಫ್.ಪಿ.ಗೆ ಅನ್ವಯಿಸಿ, ಆರೋಗ್ಯವಂತರ ರಕ್ತದಲ್ಲಿಯೂ ಅದು ಕೆಲವೇ ನ್ಯಾನೋಗ್ರಾಂಗಳಷ್ಟು ಇರುತ್ತದೆಂದು ತೋರಿಸಿದರು. ಅಂದರೆ ತೊಟ್ಟಿಲು ಅಟ್ಟದಲ್ಲಿದ್ದರೂ ಮನೆಯಲ್ಲೇ ಇತ್ತು! ಇಲ್ಲಿಂದ ‘ಇದೆ, ಇಲ್ಲ’ ಎನ್ನುತ್ತಿದ್ದ ಪರೀಕ್ಷೆ ಒಂದು ಅಂಕೆಯಾಯಿತು. ಅಂಕೆಯಾದದ್ದರಿಂದಲೇ ಅದರ ಏರಿಳಿತವನ್ನು ತಿಂಗಳು ತಿಂಗಳು ನೋಡುವುದು ಸಾಧ್ಯವಾಯಿತು. ನಮ್ಮ ಮಿತ್ರರ ಜೇಬಿನಲ್ಲಿದ್ದ ಕಾಗದದ ಹುಟ್ಟು ಇಲ್ಲಿಯೇ.

ಶಾಂಘೈಯ ಪಾಠ

ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸುವ ರೋಗವನ್ನು ಈ ಅಂಕೆಯಿಂದ ಬೆನ್ನಟ್ಟಿದವರಲ್ಲಿ ಚೀನದ ವೈದ್ಯರು ಮುಂದು. ಯಾಂಗ್‌ಟ್ಸೆ ನದಿ ಸಮುದ್ರ ಸೇರುವಲ್ಲಿರುವ ಚಿಡಾಂಗ್ ಪ್ರಾಂತದಲ್ಲಿ ಯಕೃತ್ತಿನ ಅರ್ಬುದ ಮನೆಮನೆಯ ಮಾತಾಗಿತ್ತು. 1970ರ ದಶಕದಲ್ಲಿ ಶಾಂಘೈ ಮತ್ತು ಚಿಡಾಂಗ್ ಕಡೆ ಲಕ್ಷಾಂತರ ಜನರ ರಕ್ತದಲ್ಲಿ ಎ.ಎಫ್.ಪಿ. ಪರೀಕ್ಷೆ ನಡೆಸಿದರು. ಯಾವ ನೋವೂ ಇಲ್ಲದೆ ಹೊಲದಲ್ಲಿ ದುಡಿಯುತ್ತಿದ್ದವರಲ್ಲಿ ಚಿಕ್ಕ ಗಡ್ಡೆಗಳು ಸಿಕ್ಕವು. ಶಾಂಘೈಯ ಶಸ್ತ್ರವೈದ್ಯ ಟಾಂಗ್ ಝಾವೋಯೂ ಇಂಥ ಚಿಕ್ಕ ಗಡ್ಡೆಗಳನ್ನು ತೆಗೆದು, ರೋಗಿಗಳು ವರ್ಷಗಟ್ಟಲೆ ಬದುಕುವುದನ್ನು ತೋರಿಸಿದರು. ಅಲ್ಲಿಗೇ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ಎರಡು ಮೂರು ತಿಂಗಳಿಗೊಮ್ಮೆ ಕರೆಸಿ ಎ.ಎಫ್.ಪಿ. ನೋಡುವುದು, ಅಂಕೆ ಏರತೊಡಗಿದರೆ ಗಡ್ಡೆಯನ್ನು ಹುಡುಕುವುದು, ಚಿಕ್ಕದಿರುವಾಗಲೇ ಮತ್ತೆ ತೆಗೆಯುವುದು ಎಂಬ ಕ್ರಮವನ್ನು ರೂಢಿಸಿದರು. ಮರುಕಳಿಸಿತೆಂದರೆ ಮುಗಿಯಿತು ಎಂಬ ಹಳೆಯ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು.

ಅದೇ ಶಾಂಘೈಯಲ್ಲಿ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಹೆಪಟೈಟಿಸ್ ಸೋಂಕಿದ್ದ 18,816 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಎ.ಎಫ್.ಪಿ. ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದ್ದರು. ಆ ಗುಂಪಿನಲ್ಲಿ ಯಕೃತ್ತಿನ ಅರ್ಬುದದಿಂದಾದ ಸಾವು ನೂರಕ್ಕೆ 37ರಷ್ಟು ಕಡಿಮೆಯಿತ್ತು.

ಶಸ್ತ್ರಚಿಕಿತ್ಸೆಯ ನಂತರ ಈ ಅಂಕೆಯನ್ನು ಓದುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ರಕ್ತದಲ್ಲಿರುವ ಎ.ಎಫ್.ಪಿ. ಸುಮಾರು ಐದು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು 1,280 ಇತ್ತೆಂದುಕೊಳ್ಳಿ. ತಯಾರಿಸುವ ಗಡ್ಡೆ ಪೂರ್ತಿ ಹೋಗಿದ್ದರೆ ಐದು ದಿನಕ್ಕೆ 640, ಹತ್ತು ದಿನಕ್ಕೆ 320, ಹೀಗೆ ಇಳಿದು 35 ದಿನಕ್ಕೆ 10 ಆಗಬೇಕು. ಇದು ಸುಮಾರಿನ ಲೆಕ್ಕ. ಎಲ್ಲರಲ್ಲಿಯೂ ಅಷ್ಟೇ ವೇಗವಿರುವುದಿಲ್ಲ. ಆದರೆ ಇಳಿಯುವುದು ನಡುದಾರಿಯಲ್ಲಿ ನಿಂತರೆ ಎಲ್ಲಿಯೋ ಒಂದು ಒಲೆ ಇನ್ನೂ ಉರಿಯುತ್ತಿದೆಯೆಂದು ವೈದ್ಯರು ಸಂಶಯಪಡುತ್ತಾರೆ. ಪೂರ್ತಿ ಇಳಿದು ತಿಂಗಳುಗಳ ನಂತರ ಮತ್ತೆ ಮತ್ತೆ ಏರುತ್ತ ಹೋದರೂ ಹಾಗೆಯೇ.

ಚನ್ನಂಗಿ ಬೇಳೆ ಮತ್ತು ಕೆ ಜೀವಸತ್ತ್ವ

ಇಷ್ಟೆಲ್ಲ ಆದರೂ ಎ.ಎಫ್.ಪಿ. ಪರಿಪೂರ್ಣ ಸಾಕ್ಷಿಯಲ್ಲ. ಯಕೃತ್ತಿನ ಅರ್ಬುದವಿದ್ದವರಲ್ಲಿ ನೂರಕ್ಕೆ 30ರಿಂದ 40 ಜನರಲ್ಲಿ ಅದು ಏರುವುದೇ ಇಲ್ಲ. ಚಿಕ್ಕ ಗಡ್ಡೆಗಳಲ್ಲಂತೂ ಮೌನವೇ ಹೆಚ್ಚು. ಇನ್ನೊಂದೆಡೆ ಹೆಪಟೈಟಿಸ್ ಕೆರಳಿದಾಗ, ಗರ್ಭಿಣಿಯರಲ್ಲಿ, ಬೇರೆ ಕೆಲವು ಗಡ್ಡೆಗಳಲ್ಲಿ ಅರ್ಬುದವಿಲ್ಲದ ಯಕೃತ್ತಿದ್ದರೂ ಏರುತ್ತದೆ. ಸುಳ್ಳು ಸಾಕ್ಷಿಯನ್ನು ನಿಜಸಾಕ್ಷಿಯಿಂದ ಬೇರ್ಪಡಿಸುವುದು ಹೇಗೆ?

ಜಪಾನಿನ ವಿಜ್ಞಾನಿಗಳು ಇದಕ್ಕೊಂದು ಉಪಾಯ ಕಂಡರು. ಅದರ ಮೂಲ ನಮ್ಮ ಅಡಿಗೆಮನೆಯ ಡಬ್ಬಿಯಲ್ಲೇ ಇದೆ. ಚನ್ನಂಗಿ ಬೇಳೆ, ಇಲ್ಲಿಯ ಅಂಗಡಿಗಳಲ್ಲಿ ಮಸೂರ್ ಎನ್ನುತ್ತಾರಲ್ಲ, ಅದರಲ್ಲಿ ಲೆಕ್ಟಿನ್ ಎಂಬ ವಸ್ತುವಿದೆ. ಇದು ಕೆಲವು ಸಕ್ಕರೆಯ ಸರಪಳಿಗಳನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ. ಅರ್ಬುದಕೋಶ ತಯಾರಿಸುವ ಎ.ಎಫ್.ಪಿ.ಯ ಸಕ್ಕರೆಯ ಬಾಲದಲ್ಲಿ ಫ್ಯೂಕೋಸ್ ಎಂಬ ಒಂದು ಹೆಚ್ಚಿನ ಮಣಿ ಇರುತ್ತದೆ. ಹೆಪಟೈಟಿಸ್ಸಿನಿಂದ ಏರಿದ ಎ.ಎಫ್.ಪಿ.ಯಲ್ಲಿ ಆ ಮಣಿ ಕಡಿಮೆ. ಬೇಳೆಯ ಲೆಕ್ಟಿನ್ ಮಣಿಯಿರುವುದನ್ನು ಹಿಡಿದು ನಿಲ್ಲಿಸುತ್ತದೆ, ಇಲ್ಲದ್ದನ್ನು ಬಿಟ್ಟುಬಿಡುತ್ತದೆ. ಹೀಗೆ ಹಿಡಿಯಲ್ಪಟ್ಟ ಪಾಲಿಗೆ ಎಲ್-3 ಎಂದು ಹೆಸರು. ಈ ಬಗೆಯ ಪರೀಕ್ಷೆಯಿಂದ ಅರ್ಬುದವನ್ನು ಮೊದಲೇ ಗುರುತಿಸಬಹುದೆಂಬ ಜಪಾನೀ ವರದಿ 1993ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರವೂ ಎಲ್-3 ಉಳಿದಿದ್ದರೆ ಮರುಕಳಿಸುವ ಸಂಭವ ಹೆಚ್ಚೆಂದು ಮುಂದೆ ತಿಳಿದುಬಂತು. ದಿನವೂ ಸಾರಿಗೆ ಬೇಯಿಸುವ ಬೇಳೆಯಲ್ಲಿ ಇಷ್ಟು ಚುರುಕಾದ ಕಣ್ಣಿದೆಯೆಂದು ಯಾರು ತಿಳಿದಿದ್ದರು! ಆದರೆ ಈ ಗುಣ ಪ್ರಯೋಗಶಾಲೆಯದು. ಬೇಳೆ ತಿಂದರೆ ಅರ್ಬುದ ಗುಣವಾಗುತ್ತದೆಂದು ಯಾರೂ ಅರ್ಥಮಾಡಿಕೊಳ್ಳಬಾರದು.

ಎರಡನೆಯ ಸೂಚಕ ಬಂದದ್ದು ಅಮೆರಿಕದಿಂದ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋತ್ರಾಂಬಿನ್ ಎಂಬ ಪ್ರೋಟೀನನ್ನು ಯಕೃತ್ತು ತಯಾರಿಸುತ್ತದೆ. ತಯಾರಿಕೆಯ ಕೊನೆಯಲ್ಲಿ ಕೆ ಜೀವಸತ್ತ್ವದ ನೆರವಿನಿಂದ ಅದಕ್ಕೊಂದು ವಿಶೇಷ ಗುಂಪು ಜೋಡಣೆಯಾಗಬೇಕು. ಈ ಜೋಡಣೆಯ ಗುಟ್ಟು ತಿಳಿದದ್ದು 1974ರಲ್ಲಿ. ಅರ್ಬುದಕೋಶಗಳು ಈ ಕೊನೆಯ ಕೆಲಸವನ್ನು ಸರಿಯಾಗಿ ಮಾಡದೆ ಅರೆಬರೆ ಮಾಲನ್ನು ರಕ್ತಕ್ಕೆ ಬಿಡುತ್ತವೆ. 1984ರಲ್ಲಿ ಲೀಬ್‌ಮನ್ ಮತ್ತು ಸಂಗಡಿಗರು ಈ ಅರೆಬರೆ ಪ್ರೋತ್ರಾಂಬಿನ್ ಯಕೃತ್ತಿನ ಅರ್ಬುದದ ಸೂಚಕವೆಂದು ತೋರಿಸಿದರು. ವರದಿಗಳಲ್ಲಿ ಪಿವ್ಕಾ ಎಂದೋ ಡಿ.ಸಿ.ಪಿ. ಎಂದೋ ಬರೆದಿರುವುದು ಇದನ್ನೇ. ಎ.ಎಫ್.ಪಿ. ಏರದವರಲ್ಲಿಯೂ ಇದು ಏರಬಹುದು. ಗಡ್ಡೆ ರಕ್ತನಾಳಗಳಿಗೆ ನುಗ್ಗಿದ್ದಾಗ ಹೆಚ್ಚಾಗಿ ಏರುವುದರಿಂದ ಮರುಕಳಿಸುವ ಸಂಭವವನ್ನು ಅಳೆಯಲು ಇದಕ್ಕೆ ಬೆಲೆ. ಹೃದಯದ ತೊಂದರೆಗಾಗಿ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರ ಇದು ಅರ್ಬುದವಿಲ್ಲದೆಯೂ ಏರುತ್ತದೆ. ಹಾಗಾಗಿ ತಾವು ನುಂಗುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತಿಳಿಸಿರಬೇಕು.

ಒಬ್ಬ ಸಾಕ್ಷಿಗಿಂತ ಮೂವರು ಲೇಸು. 2014ರಲ್ಲಿ ಇಂಗ್ಲೆಂಡಿನ ಸಂಶೋಧಕರು ರೋಗಿಯ ಲಿಂಗ, ವಯಸ್ಸು ಮತ್ತು ಈ ಮೂರು ಸೂಚಕಗಳನ್ನು ಒಂದೇ ಲೆಕ್ಕದಲ್ಲಿ ಸೇರಿಸಿ, ಅರ್ಬುದವನ್ನು ಗುರುತಿಸಲು ‘ಗಲಾಡ್’ ಎಂಬ ಸೂತ್ರ ರಚಿಸಿದರು. ಯಕೃತ್ತನ್ನೇ ಬದಲಾಯಿಸಿದವರಿಗಾಗಿ ಅಮೆರಿಕದಲ್ಲಿ 2017ರಲ್ಲಿ ಇನ್ನೊಂದು ಸೂತ್ರ ಬಂತು. ಅದರಲ್ಲಿ ಎ.ಎಫ್.ಪಿ., ಗಡ್ಡೆಗಳ ಗಾತ್ರ ಮತ್ತು ಸಂಖ್ಯೆ, ಸಣ್ಣ ರಕ್ತನಾಳಗಳಲ್ಲಿ ಅರ್ಬುದ ಸೇರಿತ್ತೇ ಎಂಬ ಸಂಗತಿ, ಇವನ್ನು ಕೂಡಿಸಿ ಮರುಕಳಿಸುವ ಸಂಭವವನ್ನು ಅಂದಾಜು ಮಾಡುತ್ತಾರೆ.

ನೆಲವನ್ನೂ ನೋಡಬೇಕು

ಕಳೆ ಮಾತ್ರವಲ್ಲ, ನೆಲವೂ ಮುಖ್ಯವೆಂದೆನಷ್ಟೆ. ಹೆಪಟೈಟಿಸ್ ಬಿ ವೈರಾಣುವಿನ ಗುರುತನ್ನು ಬರೂಕ್ ಬ್ಲೂಂಬರ್ಗ್ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡು 1965ರಲ್ಲಿ ಪ್ರಕಟಿಸಿದರು. ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ಬಂತು. ತೈವಾನಿನಲ್ಲಿ 22,707 ಪುರುಷರನ್ನು ವರ್ಷಗಟ್ಟಲೆ ಗಮನಿಸಿದ ಬೀಸ್ಲಿ ಮತ್ತು ಸಂಗಡಿಗರು, ಈ ವೈರಾಣುವನ್ನು ಹೊತ್ತವರಿಗೆ ಯಕೃತ್ತಿನ ಅರ್ಬುದ ಬರುವ ಸಂಭವ ಉಳಿದವರಿಗಿಂತ ಇನ್ನೂರು ಪಟ್ಟಿಗೂ ಹೆಚ್ಚೆಂದು 1981ರಲ್ಲಿ ತೋರಿಸಿದರು. ಶಸ್ತ್ರಚಿಕಿತ್ಸೆಯ ನಂತರವೂ ರಕ್ತದಲ್ಲಿ ಈ ವೈರಾಣು ಹೆಚ್ಚಾಗಿದ್ದರೆ ರೋಗ ಮರುಕಳಿಸುವ ಭಯ ಹೆಚ್ಚು. ಆದ್ದರಿಂದ ವೈರಾಣುವಿನ ಅಳತೆಯೂ ಒಂದು ಸೂಚಕವೇ. ಈ ಸೂಚಕಕ್ಕೆ ಒಂದು ಗುಣವಿದೆ. ಇದನ್ನು ಮಾತ್ರೆಗಳಿಂದ ಇಳಿಸಬಹುದು. 2012ರಲ್ಲಿ ತೈವಾನಿನಿಂದ ಬಂದ ವರದಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ವೈರಾಣು ನಿರೋಧಕ ಮಾತ್ರೆ ತೆಗೆದುಕೊಂಡವರಲ್ಲಿ ಆರು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ 45.6 ಜನರಿಗೆ, ತೆಗೆದುಕೊಳ್ಳದವರಲ್ಲಿ 54.6 ಜನರಿಗೆ.

ಇಲ್ಲಿ ನಮ್ಮವರಿಗೆ ಒಂದು ಮಾತು. ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವುದು ನಮ್ಮ ಊರುಗಳಲ್ಲಿ ತಲೆತಲಾಂತರದ ರೂಢಿ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಸ್ವತಃ ಬ್ಲೂಂಬರ್ಗರೊಡನೆ ಸೇರಿ, ನೆಲನೆಲ್ಲಿ ಕೊಟ್ಟ 37 ಜನರಲ್ಲಿ 22 ಜನರ ರಕ್ತದಿಂದ ಹೆಪಟೈಟಿಸ್ ಬಿ ಗುರುತು ಮಾಯವಾಯಿತೆಂದು ಪ್ರಕಟಿಸಿದಾಗ ದೊಡ್ಡ ಆಸೆ ಹುಟ್ಟಿತು. ಆದರೆ ಆಮೇಲೆ ಬೇರೆಡೆ ನಡೆದ ಅಧ್ಯಯನಗಳಲ್ಲಿ ಆ ಫಲ ಸಿಗಲಿಲ್ಲ. ಅಜ್ಜಿಯ ಮದ್ದಿನ ಬಗ್ಗೆ ನನಗೂ ಗೌರವವಿದೆ. ಆದರೆ ಅದನ್ನು ನಂಬಿ ಮೂರು ತಿಂಗಳ ಪರೀಕ್ಷೆಯನ್ನೂ ವೈದ್ಯರು ಕೊಟ್ಟ ಮಾತ್ರೆಯನ್ನೂ ಬಿಡುವುದು ತರವಲ್ಲ.

ತಿಳಿದು ಮಾಡುವುದೇನು?

ಇತ್ತೀಚಿನ ಅಧ್ಯಾಯ ಇನ್ನೂ ಸೂಕ್ಷ್ಮವಾದದ್ದು. 1948ರಲ್ಲಿಯೇ ಫ್ರಾನ್ಸಿನ ಮಾಂಡೆಲ್ ಮತ್ತು ಮೆತೇ ಎಂಬವರು, ಕೋಶಗಳಿಂದ ಹೊರಗೆ ರಕ್ತದ್ರವದಲ್ಲಿಯೇ ನ್ಯೂಕ್ಲಿಕ್ ಆಮ್ಲ ತೇಲಾಡುತ್ತಿರುತ್ತದೆಂದು ಕಂಡಿದ್ದರು. ಅಂದು ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಅರ್ಬುದಕೋಶಗಳು ಸಾಯುವಾಗ ತಮ್ಮ ಡಿ.ಎನ್.ಎ. ಚೂರುಗಳನ್ನು ಹೀಗೆಯೇ ರಕ್ತಕ್ಕೆ ಚೆಲ್ಲುತ್ತವೆಂದು ಈಗ ಗೊತ್ತಾಗಿದೆ. ಶಸ್ತ್ರಚಿಕಿತ್ಸೆಯ ನಂತರವೂ ಈ ಚೂರುಗಳು ಸಿಕ್ಕರೆ ರೋಗ ಬೇಗ ಮರುಕಳಿಸುವ ಸಂಭವ ಹೆಚ್ಚೆಂದು ಈಚಿನ ಅಧ್ಯಯನಗಳು ತೋರಿಸಿವೆ. ಆದರೆ ಯಕೃತ್ತಿನ ಅರ್ಬುದದಲ್ಲಿ ಇದು ಎಲ್ಲರಿಗೂ ಮಾಡಿಸುವ ನಿತ್ಯದ ಪರೀಕ್ಷೆಯಾಗಿಲ್ಲ.

ಸರಿ, ಅಪಾಯವಿದೆಯೆಂದು ಮೊದಲೇ ತಿಳಿದರೆ ಮರುಕಳಿಸದಂತೆ ತಡೆಯುವ ಔಷಧಿ ಉಂಟೇ? ಇಲ್ಲಿ ಇತಿಹಾಸ ನಮಗೆ ತಾಳ್ಮೆಯನ್ನೇ ಕಲಿಸುತ್ತದೆ. ಸೊರಾಫೆನಿಬ್ ಎಂಬ ಮಾತ್ರೆಯನ್ನು ಈ ಉದ್ದೇಶಕ್ಕೆ ಪರೀಕ್ಷಿಸಿದಾಗ ಪ್ರಯೋಜನವಾಗಲಿಲ್ಲವೆಂದು 2015ರಲ್ಲಿ ತಿಳಿಯಿತು. 2023ರಲ್ಲಿ ಎರಡು ಹೊಸ ಚುಚ್ಚುಮದ್ದುಗಳ ಜೋಡಿ ಮರುಕಳಿಸುವಿಕೆಯನ್ನು ತಡೆದಂತೆ ಕಂಡು ಎಲ್ಲೆಡೆ ಸಂತೋಷವಾಯಿತು. ಆದರೆ 2024ರಲ್ಲಿ, ಹೆಚ್ಚು ಕಾಲ ಗಮನಿಸಿದ ಮೇಲೆ, ಆ ಲಾಭ ಉಳಿಯಲಿಲ್ಲವೆಂದು ವರದಿಯಾಯಿತು. ಹಾಗಾದರೆ ರಕ್ತಪರೀಕ್ಷೆ ವ್ಯರ್ಥವೇ? ಅಲ್ಲ. ಮರುಕಳಿಸಿದ ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ಮತ್ತೆ ಕೊಯ್ಯಬಹುದು, ಸೂಜಿಯ ಮೂಲಕ ಶಾಖ ಹಾಯಿಸಿ ಸುಡಬಹುದು, ಕೆಲವರಿಗೆ ಯಕೃತ್ತನ್ನೇ ಬದಲಾಯಿಸಬಹುದು. ಐವತ್ತು ವರ್ಷಗಳ ಹಿಂದೆ ಶಾಂಘೈಯಲ್ಲಿ ಕಲಿತ ಪಾಠ ಇಂದಿಗೂ ಹಳತಾಗಿಲ್ಲ.

ಕೊನೆಯದಾಗಿ, ಈ ಪರೀಕ್ಷೆಯ ಅವಶ್ಯಕತೆಯೇ ಬಾರದಂತೆ ಮಾಡುವ ದಾರಿಯ ಮಾತು. ತೈವಾನ್ 1984ರಲ್ಲಿ ಕೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಲಾರಂಭಿಸಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಅರ್ಬುದ ಲಕ್ಷಕ್ಕೆ 0.70 ಇದ್ದದ್ದು 1990ರಿಂದ 1994ರ ಅವಧಿಯಲ್ಲಿ 0.36ಕ್ಕೆ ಇಳಿಯಿತು. ಲಸಿಕೆಯೊಂದು ಅರ್ಬುದವನ್ನು ತಡೆಯಬಲ್ಲದೆಂಬುದಕ್ಕೆ ಇದು ಮೊದಲ ದೊಡ್ಡ ಪುರಾವೆ. ನಮ್ಮ ದೇಶದಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸ್ವದೇಶೀ ಲಸಿಕೆಯನ್ನು ಹೊರತಂದಿತು. 2011ರಿಂದ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಅದು ದೇಶಾದ್ಯಂತ ದೊರೆಯುತ್ತಿದೆ. ಮೊದಲ ಚುಚ್ಚು ಕೂಸು ಹುಟ್ಟಿದ 24 ಗಂಟೆಗಳೊಳಗೆ ಬೀಳಬೇಕು. ಹೆರಿಗೆಗೆ ಮಗಳನ್ನು ಊರಿಗೆ ಕಳಿಸುವ ತಾಯಂದಿರು ಇದೊಂದನ್ನು ಮರೆಯದಿರಲಿ.

ಮೊನ್ನೆ ಆ ಮಿತ್ರರ ಮನೆಗೆ ಹೋಗಿ ಇದೆಲ್ಲವನ್ನೂ ಹೇಳಿದೆ. ಒಂದು ಅಂಕೆಯಿಂದ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ, ಹಿಂದಿನ ಅಂಕೆಗಳ ಸಾಲಿನಲ್ಲಿಟ್ಟು ನೋಡಬೇಕು, ಅಂಕೆ ಚೆನ್ನಾಗಿದ್ದರೂ ಸ್ಕ್ಯಾನ್ ತಪ್ಪಿಸಬಾರದು, ಸಾಧ್ಯವಾದಷ್ಟು ಒಂದೇ ಪ್ರಯೋಗಶಾಲೆಯಲ್ಲಿ ಮಾಡಿಸಬೇಕು ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡು, ಕಪಾಟಿನಿಂದ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದು, ಮೊಮ್ಮಗಳ ಗಣಿತದ ಪುಸ್ತಕದಿಂದ ಒಂದು ಚೌಕುಳಿ ಹಾಳೆ ಹರಿದು ತಾರೀಖಿನ ಎದುರು ಅಂಕೆ ಗುರುತಿಸತೊಡಗಿದರು. ಎಂಟು ಚುಕ್ಕೆಗಳು. ಅವುಗಳನ್ನು ಕೂಡಿಸುವ ಗೆರೆ ಮೊದಲು ಕಡಿದಾಗಿ ಇಳಿದು, ಆಮೇಲೆ ನೆಲಕ್ಕೆ ಹತ್ತಿಕೊಂಡಂತೆ ಸಾಗಿತ್ತು. ಮನೆಯವರು ಅದನ್ನು ಬಗ್ಗಿ ನೋಡಿ, “ಇಷ್ಟ ಏನ್ರೀ?” ಎಂದು ಕೇಳಿ, ಚಹ ಇಡಲು ಒಳಗೆ ಹೋದರು. ಒಂಬತ್ತನೆಯ ಚುಕ್ಕೆಗೆ ಇನ್ನು ಆರು ವಾರವಿದೆ.